ಕೊನೆಯ ಹದಿನಾರು ಪುಟ

ಐವತ್ತು ದಾಟಿದ ಗಂಡಸು ಮಾರಿಕಣಿವೆ ಅಣೆಕಟ್ಟೆಯ ಪಕ್ಕದ ಇಲಾಖೆ ಕೋಣೆಯಲ್ಲಿ ಕುಳಿತು, ಫೋನಿನಲ್ಲಿ ತನ್ನ ಅಕ್ಕನಿಗೆ ಪ್ರೇಮದ ಕಾದಂಬರಿ ಓದಿ ಹೇಳುವುದು ಸುಲಭವಲ್ಲ. ಹೋದ ವರ್ಷ ಮೂರು ತಿಂಗಳು ನಾನು ಆ ಕೆಲಸ ಮಾಡಿದೆ. ನನಗೆ ಅಷ್ಟು ರೇಗಿದ್ದು ನನ್ನ ಮೂವತ್ತು ವರ್ಷದ ಸರ್ವೀಸಿನಲ್ಲೂ ಇಲ್ಲ.

ಈ ಓದಿನ ಚಟ ಹಚ್ಚಿದ್ದು ಅಕ್ಕನೇ. ದುರ್ಗದಲ್ಲಿ ನಮ್ಮಪ್ಪನದು ಸಣ್ಣ ಬಟ್ಟೆ ಅಂಗಡಿ. ಅಕ್ಕ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು, ಅಲ್ಲಿಗೆ ಓದು ಬಿಡಿಸಿದರು. ಮನೆಯಲ್ಲಿ ಕೂತವಳಿಗೆ ಪುಸ್ತಕವೊಂದೇ ದಿಕ್ಕು. ಆದರೆ ಅಪ್ಪನ ಕಟ್ಟಪ್ಪಣೆ, ಪ್ರೇಮ ಗೀಮ ಅನ್ನುವ ಕಾದಂಬರಿ ಹೊಸಿಲು ದಾಟಿ ಒಳಗೆ ಬರುವಂತಿಲ್ಲ. ಚರಿತ್ರೆಯಾದರೆ ಅಡ್ಡಿಯಿಲ್ಲ. ಹಾಗಾಗಿ ಕಾಲೇಜಿಗೆ ಹೋಗುತ್ತಿದ್ದ ನಾನು ಲೈಬ್ರರಿಯಲ್ಲಿ ಮುಖಪುಟ ನೋಡಿ ಪುಸ್ತಕ ಆರಿಸುವುದನ್ನು ಕಲಿತೆ. ಒಂದು ಕೋಟೆ, ಒಂದು ಕುದುರೆ, ಕತ್ತಿ ಹಿಡಿದ ಒಬ್ಬ ಇದ್ದರೆ ಸಾಕು. ಅಪ್ಪ ಊಟಕ್ಕೆ ಬಂದಾಗ ಪುಸ್ತಕ ತಿರುಗಿಸಿ ನೋಡಿ, "ಚರಿತ್ರೆ. ಓದ್ಲಿ, ಓದ್ಲಿ" ಎಂದು ಕೆಳಗಿಡುತ್ತಿದ್ದರು. ಒಳಗೆ ಅರ್ಧ ಪುಟ ಯುದ್ಧ, ಮೂರು ಪುಟ ಪ್ರೇಮ. ಊರಿಗೆ ಊರೇ ಹೊತ್ತಿ ಉರಿಯುತ್ತಿದ್ದರೂ ಅವನು ಅವಳ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಅಕ್ಕ ಎರಡು ದಿನದಲ್ಲಿ ಮುಗಿಸುತ್ತಿದ್ದಳು. ಅವಳು ರೊಟ್ಟಿ ತಟ್ಟುವ ಹೊತ್ತಿಗೆ ನಾನು ಕದ್ದು ಓದುತ್ತಿದ್ದೆ. ಆಮೇಲೆ ಅವಳನ್ನು ಚಿಕ್ಕಜಾಜೂರಿಗೆ ಕೊಟ್ಟರು. ಭಾವ ರೈಲ್ವೆಯಲ್ಲಿ ಕೆಲಸಕ್ಕಿದ್ದರು. ಅವಳು ಹೋದಳು, ಚಟ ನನ್ನ ಹತ್ತಿರ ಉಳಿಯಿತು.

ನಾನು ನೀರಾವರಿ ಇಲಾಖೆ ಸೇರಿ ಹಿರಿಯೂರಿನಲ್ಲಿ ಮನೆ ಮಾಡಿದೆ. ದಿನಾ ಬೆಳಿಗ್ಗೆ ಅಣೆಕಟ್ಟೆಗೆ ಹೋಗಿ ನೀರಿನ ಮಟ್ಟ ನೋಡಿ ಬರೆಯುವುದು, ಕಾಲುವೆ ಸುತ್ತುವುದು, ದೂರು ಹೇಳಲು ಬಂದವರಿಗೆ ಉತ್ತರ ಕೊಡುವುದು ನನ್ನ ಕೆಲಸ. ಮಧ್ಯಾಹ್ನ ಊಟವಾದ ಮೇಲೆ ರಿಜಿಸ್ಟರಿನೊಳಗೆ ಇಟ್ಟುಕೊಂಡು ಓದುತ್ತಿದ್ದೆ. ಒಂದು ದಿನ ಸಹೋದ್ಯೋಗಿಯೊಬ್ಬ ರಿಜಿಸ್ಟರ್ ತೆಗೆದು ನೋಡಿಬಿಟ್ಟ. ಅವತ್ತಿನಿಂದ ಆಫೀಸಿನಲ್ಲಿ ನನಗೆ ಹೆಂಗಸರ ಕಾದಂಬರಿ ಓದುವ ಸಾಹೇಬರು ಎಂಬ ಹೆಸರು ಬಿತ್ತು. ಹೆಂಗಸರ ಕಾದಂಬರಿ ಅಂದರೆ ಏನು, ಗಂಡಸರು ಪ್ರೀತಿ ಮಾಡುವುದಿಲ್ಲವೇ ಎಂದು ಕೇಳಬೇಕು ಅನ್ನಿಸುತ್ತಿತ್ತು. ಕೇಳಲಿಲ್ಲ. ಕೇಳಿದ್ದರೆ ಇನ್ನೂ ನಾಲ್ಕು ಹೆಸರು ಇಡುತ್ತಿದ್ದರು.

ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷ ಆಗಿತ್ತು. ಹೋದ ವರ್ಷ ಅದು ಕಣ್ಣಿಗೆ ಇಳಿಯಿತು. "ಅಕ್ಷರದ ಮೇಲೆ ಯಾರೋ ಕೂದ್ಲು ಎಳೆದಿಟ್ಟಂಗೆ ಕಾಣ್ತೈತೆ ಕಣೋ" ಅಂದಳು ಫೋನಿನಲ್ಲಿ. ದುರ್ಗದ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿನೊಳಗೆ ರಕ್ತ ಸೋರಿದೆ, ಇಂಜೆಕ್ಷನ್ ಕೊಡಬೇಕು, ಓದುವುದನ್ನು ಸದ್ಯಕ್ಕೆ ಬಿಡಿ ಅಂದರು. ಎರಡು ದಿನ ಬಿಟ್ಟು ಅವಳೇ ಫೋನು ಮಾಡಿದಳು.

"ಲೇ ತಮ್ಮ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬಾರ್ದು."

"ಹೇಳಕ್ಕ."

"ಯಾವ್ದಾದ್ರೂ ಒಂದು ಹಳೇ ಕಾದಂಬರಿ ನಂಗೆ ಓದಿ ಹೇಳ್ತೀಯಾ? ದಿನಾ ನಾಕು ಪುಟ ಸಾಕು. ಟೀವಿ ಕೇಳಿ ಕೇಳಿ ತಲೆ ಕೆಟ್ಟೋಗೈತೆ."

ಎರಡು ಮಾತಿಲ್ಲದೆ ಹೂಂ ಅಂದೆ. ಹಿರಿಯೂರಿನ ರದ್ದಿ ಅಂಗಡಿಯಲ್ಲಿ ಆ ವಾರವಷ್ಟೇ ಒಂದು ಹಳೇ ಪುಸ್ತಕ ಸಿಕ್ಕಿತ್ತು. ಮುಖಪುಟದ ಮೇಲೆ ಕೋಟೆ, ಕುದುರೆ. ಅದನ್ನೇ ಶುರು ಮಾಡಿದೆ.

ಕಥೆ ಇಷ್ಟು. ಪಾಳೆಗಾರರ ಕಾಲದ ಒಂದು ಕೋಟೆಗೆ ವೈರಿಗಳ ದಂಡು ಮುತ್ತಿಗೆ ಹಾಕಿದೆ. ಕೋಟೆಗೆ ಹೆಸರಿಲ್ಲ. ಆದರೆ ಏಳು ಸುತ್ತು ಅಂದ ಮೇಲೆ ಯಾವುದು ಎಂದು ದುರ್ಗದವರಿಗೆ ಹೇಳಬೇಕಾಗಿಲ್ಲ. ಒಳಗೆ ಫಿರಂಗಿಗೆ ಮದ್ದು ಅರೆಯುವವನ ಮಗಳೊಬ್ಬಳಿದ್ದಾಳೆ. ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಒಬ್ಬ ಯುವಕನಿಗೂ ಅವಳಿಗೂ ಮನಸ್ಸು ಕೂಡುತ್ತದೆ. ಕಾಳು ಮುಗಿಯುತ್ತಾ ಬಂದಾಗ ಅವನನ್ನು ಪಕ್ಕದ ಸಂಸ್ಥಾನದ ಸಹಾಯ ಕೇಳಲು ವೈರಿಗಳ ನಡುವಿನಿಂದ ಕಳಿಸುತ್ತಾರೆ. ಹೋಗುವ ಮುಂಚೆ ಅವನು ಅವಳ ಕೈಗೆ ಅಂಟಿದ್ದ ಮದ್ದಿನ ಕಪ್ಪನ್ನು ತನ್ನ ಹಣೆಗೆ ಹಚ್ಚಿಕೊಳ್ಳುತ್ತಾನೆ. ಈ ಜಾಗ ನನಗೆ ಬಹಳ ಹಿಡಿಸಿತ್ತು. ಆದರೆ ಲೇಖಕರು ಕೋಟೆಯ ಮೇಲೆ ಮಲ್ಲಿಗೆ ತೋಟ, ಕೊಳದ ತುಂಬ ಹಂಸಗಳನ್ನು ಇಟ್ಟಿದ್ದರು. ಅಲ್ಲಿನ ಕಾದ ಬಂಡೆಯ ಮೇಲೆ ಚಪ್ಪಲಿ ಇಲ್ಲದೆ ಓಡಾಡಿ ಬೆಳೆದವನು ನಾನು. "ಈ ಮನುಷ್ಯ ಒಂದ್ಸಲನಾದ್ರೂ ದುರ್ಗಕ್ಕೆ ಬಂದಿದ್ನಾ?" ಎಂದು ಓದು ನಿಲ್ಲಿಸಿ ಅಂದೆ.

"ಇರ್ಲಿ ಬಿಡು, ಹಂಸ ಇದ್ರೆ ನಿಂದೇನು ಹೋಗ್ತೈತೆ? ಮುಂದೆ ಓದು."

ದಿನಾ ಒಂದೂವರೆಗೆ ಓದು. ಮಾರಿಕಣಿವೆಯಲ್ಲಿ ನೆಟ್‌ವರ್ಕು ಕಿಟಕಿಯ ಹತ್ತಿರ ಮಾತ್ರ ಬರುತ್ತಿತ್ತು. ಕಿಟಕಿಯ ಆಚೆ ಕಟ್ಟೆಯ ಮೇಲೆ ನಮ್ಮ ನೀರಗಂಟಿ ಕೂತಿರುತ್ತಿದ್ದ. ಕಾಲುವೆಯ ತೂಬು ತೆಗೆದು ಮುಚ್ಚುವುದು ಅವನ ಕೆಲಸ. ಕುರಿ ಸಾಕಿ ಬೆಳೆದ ಮನೆಯವನು, ಓದು ಬರಹ ಬಾರದವನು, ನಿವೃತ್ತಿಗೆ ಒಂದೇ ವರ್ಷ ಇತ್ತು. ಅವನು ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಗೊತ್ತಾದ ಮೇಲೆ ನನ್ನ ದನಿ ತಾನಾಗಿ ಕುಗ್ಗಿತು. ಮುತ್ತಿಗೆ, ಫಿರಂಗಿ ಬಂದಾಗ ಜೋರಾಗಿ ಓದುತ್ತಿದ್ದೆ. ಅವಳು ಅವನ ಕಡೆ ನೋಡಿದಳು ಅನ್ನುವಲ್ಲಿಗೆ ಬಂದಾಗ ಗೊಣಗುತ್ತಿದ್ದೆ.

"ಗಟ್ಟಿಯಾಗಿ ಓದೋ. ಏನಂದ ಅವ್ನು?"

"ಏನೋ ಅಂದ ಬಿಡಕ್ಕ."

"ಏನೋ ಅಂದ್ರೆ? ಅದನ್ನ ಕೇಳಕ್ಕೇ ಅಲ್ವಾ ನಾನು ಕುಂತಿರೋದು?"

ಅಕ್ಕನಿಗೆ, ಅದೂ ಎತ್ತಿ ಆಡಿಸಿದ ಅಕ್ಕನಿಗೆ, "ನಿನ್ನ ಉಸಿರು ನನ್ನ ಕೊರಳಿಗೆ ತಾಗಿದರೆ ನನಗೆ ಮುತ್ತಿಗೆಯೇ ಮರೆಯುತ್ತದೆ" ಎಂದು ತಮ್ಮ ಓದಿ ಹೇಳುವುದು ಹೇಗೆ? ಒಂದು ದಿನ ಒಂದೂವರೆ ಪುಟ ಹಾರಿಸಿಬಿಟ್ಟೆ. ಅವಳು ಹಿಡಿದಳು. ಈಗಷ್ಟೇ ಲಾಯದಲ್ಲಿದ್ದವರು ಕೋಟೆಗೋಡೆಯ ಬತೇರಿ ಮೇಲೆ ಯಾವಾಗ ಹತ್ತಿದರು ಎಂದು ಕೇಳಿದಳು. ನಾನು ತಡವರಿಸಿದೆ. "ನಂಗೆ ಕಣ್ಣು ಕಾಣಲ್ಲ ಅಂತ ಮೋಸ ಮಾಡ್ತೀಯಾ?" ಎಂದು ಫೋನು ಇಟ್ಟಳು. ನಾನೇ ಮತ್ತೆ ಫೋನು ಹಚ್ಚಿ, ಕಿಟಕಿಗೆ ಬೆನ್ನು ಮಾಡಿ ನಿಂತು, ಹಾರಿಸಿದ್ದನ್ನೆಲ್ಲ ಕಿವಿ ಕೆಂಪಗೆ ಮಾಡಿಕೊಂಡು ಓದಿದೆ. ಅವಳು ನಡುವೆ ಎರಡು ಸಲ ಹೂಂ ಅಂದಳು, ಅಷ್ಟೇ.

ಅಡ್ಡಿಗಳು ಒಂದೇ ಎರಡೇ? ಅಕ್ಕನ ಮನೆ ಸ್ಟೇಷನ್ನಿಗೆ ಹತ್ತಿರ. ಸರಿಯಾದ ಜಾಗಕ್ಕೆ ಬಂದಾಗಲೇ ಗೂಡ್ಸು ಬರುತ್ತಿತ್ತು. "ತಡಿ, ರೈಲು ಹೋಗ್ಲಿ" ಅನ್ನುತ್ತಿದ್ದಳು. ಎಷ್ಟು ಬೋಗಿ ಇರುತ್ತಿದ್ದವೋ, ನಾನು ಬೆರಳು ಪುಟದ ಮೇಲಿಟ್ಟು ಕಾಯುತ್ತಿದ್ದೆ. ಆಮೇಲೆ ಅಣೆಕಟ್ಟೆ ತುಂಬಿ ಕೋಡಿ ಬಿತ್ತು. ಜಿಲ್ಲೆಗೆ ಜಿಲ್ಲೆಯೇ ನೀರು ನೋಡಲು ಬಂತು. ನಮಗೆಲ್ಲ ಊಟಕ್ಕೂ ಬಿಡುವಿಲ್ಲದ ಕೆಲಸ. ಹನ್ನೆರಡು ದಿನ ಓದು ನಿಂತಿತು. ಎಲ್ಲರೂ ಸಂಭ್ರಮದಲ್ಲಿದ್ದರು. ನಾನೂ ಸಂಭ್ರಮಪಡಬೇಕಾಗಿತ್ತು. ನಾನು ಮಾತ್ರ ಆ ಯುವಕನನ್ನು ವೈರಿಗಳ ಡೇರೆಯ ಪಕ್ಕದ ಪೊದೆಯಲ್ಲಿ ಕೂರಿಸಿ ಬಂದೆನಲ್ಲಾ ಎಂದು ಒದ್ದಾಡಿದೆ.

ಕೊನೆಗೂ ಮುನ್ನೂರ ಅರವತ್ತೆಂಟನೇ ಪುಟಕ್ಕೆ ಬಂದೆವು. ಮದ್ದಿನ ಮನೆ ಸಿಡಿದು ಅವಳ ಅಪ್ಪ ಸತ್ತಿದ್ದಾನೆ. ಅವಳು ಬತೇರಿ ಮೇಲೆ ನಿಂತಿದ್ದಾಳೆ. ದೂರದಲ್ಲಿ ಧೂಳು ಏಳುತ್ತದೆ. ಅವನ ಕುದುರೆ ಬರುತ್ತಿದೆ. ಬೆನ್ನ ಮೇಲೆ ಯಾರೂ ಇಲ್ಲ.

ಪುಟ ತಿರುಗಿಸಿದೆ. ರಟ್ಟು ಬಂತು. ಹೊಲಿಗೆ ಬಿಚ್ಚಿ ಕೊನೆಯ ಹಾಳೆಗಳ ಕಟ್ಟು ಪೂರಾ ಉದುರಿ ಹೋಗಿತ್ತು. ಕೊಳ್ಳುವಾಗ ನಾನು ನೋಡಿರಲಿಲ್ಲ.

"ಆಮೇಲೆ?" ಅಂದಳು ಅಕ್ಕ.

"ಇಲ್ಲಕ್ಕ. ಪುಟಗಳೇ ಇಲ್ಲ."

ಕಿಟಕಿಯ ಆಚೆಯಿಂದ ನೀರಗಂಟಿ ತಲೆ ಹಾಕಿದ. "ಸಾಹೇಬ್ರೆ, ಆ ಕುದ್ರೆ ಏನಾತ್ರಿ?"

ಅಲ್ಲಿಂದ ನನ್ನ ಅಲೆದಾಟ ಶುರುವಾಯಿತು. ರದ್ದಿ ಅಂಗಡಿಗೆ ಹೋಗಿ ಮೂಟೆ ಬಿಚ್ಚಿಸಿ ಹುಡುಕಿದೆ. ಸಿಕ್ಕಿದ್ದು ಹಳೇ ಪಂಚಾಂಗ, ಮದುವೆ ಕಾಗದ. ಪುಸ್ತಕದ ಮೊದಲ ಪುಟದಲ್ಲಿದ್ದ ಪ್ರಕಾಶಕರ ನಂಬರು ಐದೇ ಅಂಕಿಯದು, ಅದು ಯಾರಿಗೂ ಹೋಗುವುದಿಲ್ಲ. ಮೊಬೈಲಿನಲ್ಲಿ ಪುಸ್ತಕದ ಹೆಸರು ಹಾಕಿದರೆ ಅದೇ ಹೆಸರಿನ ಟೀವಿ ಧಾರಾವಾಹಿ ಬಂತು. ಅತ್ತೆ ಸೊಸೆಯ ಜಗಳ. ದುರ್ಗದಲ್ಲಿ ಪರಿಚಯದ ಇಬ್ಬರು ಮೇಷ್ಟ್ರನ್ನು ಕೇಳಿದೆ. ಒಬ್ಬರು, ಅಂಥವನ್ನೆಲ್ಲ ನಾವು ಓದಲ್ಲಪ್ಪ, ನಿಜವಾದ ಚರಿತ್ರೆ ಓದು ಎಂದು ಬುದ್ಧಿ ಹೇಳಿದರು. ಇನ್ನೊಬ್ಬರು ನಕ್ಕರು. ಅಕ್ಕ ದಿನಾ ಒಂದೂವರೆಗೆ ಫೋನು ಮಾಡಿ "ಸಿಕ್ತಾ?" ಅನ್ನುತ್ತಿದ್ದಳು. ಇಲ್ಲ ಅಂದರೆ ಬೇರೆ ಪುಸ್ತಕ ಬೇಡ ಅನ್ನುತ್ತಿದ್ದಳು. ಅವಳ ಹಟ ನನಗೆ ಗೊತ್ತು.

ಹೊಸದುರ್ಗದಲ್ಲಿ ಹಿಂದೆ ಬಸ್ ಸ್ಟ್ಯಾಂಡಿನ ಹತ್ತಿರ ಬಾಡಿಗೆಗೆ ಕಾದಂಬರಿ ಕೊಡುವ ಒಂದು ಅಂಗಡಿ ಇತ್ತು ಎಂದು ಬಸ್ಸಿನಲ್ಲಿ ಯಾರೋ ಅಂದರು. ಭಾನುವಾರ ಹೋದೆ. ಅಂಗಡಿ ಈಗ ಜೆರಾಕ್ಸ್ ಅಂಗಡಿ ಆಗಿದೆ. ಮಾಲೀಕರಿಗೆ ಎಪ್ಪತ್ತರ ಮೇಲಾಗಿತ್ತು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಆಧಾರ್ ಕಾರ್ಡುಗಳ ಕಂತೆ. ಪುಸ್ತಕದ ಹೆಸರು ಹೇಳಿದೆ. ಅವರು ಕನ್ನಡಕ ಹಣೆಗೆ ಏರಿಸಿ ನನ್ನನ್ನು ಒಂದು ಸಲ ನೋಡಿದರು.

"ಮದ್ದು ಅರೆಯೋ ಹುಡ್ಗಿ ಕಥೆ?"

"ಹೌದ್ರಿ, ಅದೇ!"

"ಕುಂತ್ಕಳ್ರಿ. ಅದನ್ನ ಒಂದು ಕಾಲ್ದಾಗೆ ಒಂದಿನವೂ ಅಂಗಡೀಲಿ ಇಟ್ಕಂಡಿಲ್ಲ ನಾನು. ಒಬ್ರು ತಂದ್ರೆ ಇನ್ನೊಬ್ರು ಬಾಗ್ಲಲ್ಲೇ ಇಸ್ಕಂಡು ಹೋಗೋರು."

ಅಟ್ಟ ಹತ್ತಲು ಅವರಿಗೆ ಆಗುವುದಿಲ್ಲ. ನಾನೇ ಹತ್ತಿದೆ. ಹನ್ನೊಂದು ಗೋಣಿಚೀಲ. ಧೂಳು, ಇಲಿಯ ಹಿಕ್ಕೆ. ಕೆಳಗಿನಿಂದ ಅವರು "ಸಿಕ್ತೇನ್ರಿ? ರಟ್ಟು ಹಸುರು ಬಣ್ಣದ್ದು" ಎಂದು ಕೂಗುತ್ತಲೇ ಇದ್ದರು. ಒಂಬತ್ತನೇ ಚೀಲದಲ್ಲಿ ಸಿಕ್ಕಿತು. ಅಲ್ಲೇ ಕೊನೆಯ ಪುಟಗಳನ್ನು ತಿರುಗಿಸಿದೆ. ಮುನ್ನೂರ ಅರವತ್ತೊಂಬತ್ತರಿಂದ ಮುನ್ನೂರ ಎಂಬತ್ತನಾಲ್ಕು, ಎಲ್ಲವೂ ಇದ್ದವು. ಪುಸ್ತಕ ಮಾತ್ರ ಕೊಡುವುದಿಲ್ಲ ಅಂದರು. "ಅಂಗಡಿ ಹೋತು, ಪುಸ್ತಕಾನೂ ಕೊಟ್ರೆ ಇನ್ನೇನು ಉಳೀತು? ಜೆರಾಕ್ಸ್ ತಗಳ್ರಿ" ಎಂದು ತಾವೇ ಒಂದೊಂದು ಪುಟವನ್ನೂ ಗಾಜಿನ ಮೇಲೆ ಮೆತ್ತಗೆ ಒತ್ತಿ ತೆಗೆದುಕೊಟ್ಟರು.

ಅಕ್ಕನ ಮುಂದೆ ಕೂತು ಓದಬೇಕು ಎಂದು ಅಲ್ಲಿಂದಲೇ ಹೊಳಲ್ಕೆರೆಯ ಬಸ್ಸು ಹತ್ತಿದೆ. ಅಲ್ಲಿಂದ ಚಿಕ್ಕಜಾಜೂರು ದೂರವಲ್ಲ. ಅಲ್ಲಿಯವರೆಗೆ ತಡೆಯಬೇಕಾಗಿತ್ತು. ತಡೆಯಲಾಗಲಿಲ್ಲ. ಬಸ್ಸಿನಲ್ಲೇ ಓದಿಬಿಟ್ಟೆ.

ಓದಿ ಮೈ ಉರಿದುಹೋಯಿತು. ಅವನು ಸತ್ತಿಲ್ಲ. ವೈರಿಗಳ ಕೈಗೆ ಸಿಕ್ಕಿಬಿದ್ದಿದ್ದಾನೆ, ಅಷ್ಟೇ. ಅವಳು ಹೂ ಮಾರುವವಳ ವೇಷದಲ್ಲಿ ವೈರಿಗಳ ಪಾಳೆಯಕ್ಕೆ ಹೋಗಿ ಸೇನಾಪತಿಯ ಕಾಲಿಗೆ ಬೀಳುತ್ತಾಳೆ. ಸೇನಾಪತಿ ಸೆರೆಯಾಳನ್ನು ಕರೆಸುತ್ತಾನೆ. ಅವನ ಬಲಗೈ ಮೇಲೆ ಒಂದು ಮಚ್ಚೆ. ಸೇನಾಪತಿಯ ಕೈ ಮೇಲೂ ಅಂಥದೇ ಮಚ್ಚೆ. ಚಿಕ್ಕಂದಿನಲ್ಲಿ ಕಳೆದುಹೋದ ತಮ್ಮ! ಸೇನಾಪತಿ ಅಳುತ್ತಾನೆ, ಮುತ್ತಿಗೆ ತೆಗೆಯುತ್ತಾನೆ, ಮದುವೆ ಮಾಡಿಸುತ್ತಾನೆ. ಮುನ್ನೂರ ಅರವತ್ತೆಂಟು ಪುಟ ಹಸಿವು, ಹೆಣ, ಹೊಗೆ. ಹದಿನಾರು ಪುಟದಲ್ಲಿ ಹೋಳಿಗೆ ಊಟ. ಸತ್ತ ಅಪ್ಪನ ಹೆಸರು ಒಂದು ಸಲವೂ ಬರುವುದಿಲ್ಲ. ಇದಕ್ಕಾಗಿ ಎರಡು ತಿಂಗಳು ಊರೂರು ತಿರುಗಿದೆನೇ ಅನ್ನಿಸಿತು. ಹೊಳಲ್ಕೆರೆಯಲ್ಲಿ ಇಳಿದಾಗ ಆ ಹಾಳೆಗಳನ್ನು ಹರಿದು ಎಸೆಯುವ ಮನಸ್ಸಾಗಿತ್ತು.

ಅಕ್ಕ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಭಾವ ಟೀವಿ ಆರಿಸಿ, "ಮಾವಿನಕಾಯಿ ಚಿತ್ರಾನ್ನ ಐತೆ, ಉಣ್ಣು ಮೊದ್ಲು" ಅಂದರು. ಅಕ್ಕ, "ಊಟ ಆಮೇಲೆ. ಓದು" ಅಂದಳು. ಓದಿದೆ. ಈ ಸಲ ಗೊಣಗಲಿಲ್ಲ, ಹಾರಿಸಲಿಲ್ಲ. ಆದರೆ ಸಿಟ್ಟು ದನಿಯಲ್ಲಿತ್ತು. ಅಕ್ಕ ಮಾತ್ರ ಮುಖ ಅರಳಿಸಿಕೊಂಡು ಕೇಳಿದಳು. ಮಚ್ಚೆ ಬಂದಾಗ "ಅಯ್ಯೋ!" ಎಂದು ಎದೆ ಮುಟ್ಟಿಕೊಂಡಳು. ಮದುವೆಯ ಸಾಲುಗಳನ್ನು ಎರಡು ಸಲ ಓದಿಸಿದಳು. ಮುಗಿದ ಮೇಲೆ ಸೆರಗಿನಲ್ಲಿ ಕಣ್ಣು ಒತ್ತಿಕೊಂಡು, "ಭೇಷಾಗಿ ಮುಗಿಸವ್ರೆ" ಅಂದಳು.

ನನಗೆ ತಡೆಯಲಾಗಲಿಲ್ಲ. "ಏನು ಭೇಷು? ಬರೀ ಸುಳ್ಳು. ಸಾವಿರಾರು ಜನ ಸತ್ತಿರೋ ಯುದ್ಧ ಒಂದು ಮಚ್ಚೆ ನೋಡಿ ನಿಂತೋಗ್ತೈತಾ? ಲೋಕದಲ್ಲಿ ಎಲ್ಲಾದ್ರೂ ಹಂಗಾಗಿದ್ದುಂಟಾ?"

"ನಡುವೆ ಒಂದು ಕಡೆ ಅವನೊಬ್ಬನೇ ಮೂವತ್ತು ಜನನ್ನ ಕಡಿದ. ಅವಾಗ ನೀನು ಸುಳ್ಳು ಅನ್ಲಿಲ್ಲ. ಎಷ್ಟು ಜೋರಾಗಿ ಓದ್ದೆ!"

"ಅದು ಬೇರೆ."

"ಏನು ಬೇರೆ? ಕಡಿಯೋದು ಸುಳ್ಳಾದ್ರೆ ಪರ್ವಾಗಿಲ್ಲ, ಕೂಡೋದು ಸುಳ್ಳಾದ್ರೆ ಆಗಲ್ಲ. ಅಲ್ವಾ?"

ಉತ್ತರ ಇಲ್ಲದಾಗ ಆಡುವ ಮಾತೇ ಆಡಿದೆ. "ನಿಂಗೆ ನಿಜ ಬೇಡ, ಬರೀ ಸಕ್ರೆ ಬೇಕು" ಅಂದೆ. ಸಕ್ಕರೆ ಅನ್ನುವ ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ಅದು ಯಾರಿಗೆ ಹೇಳಿದ್ದು ಎಂದು ನೆನಪಾಯಿತು.

ಅಕ್ಕ ನನ್ನ ಕಡೆ ಮುಖ ಮಾಡಿದಳು. ನೋಟ ಮಾತ್ರ ನನ್ನ ಭುಜದ ಪಕ್ಕ ಎಲ್ಲೋ ಇತ್ತು. "ನಿಜ ಬೇಕು ಅಂದ್ರೆ ದುರ್ಗಕ್ಕೆ ಹೋಗ್ತೀನಿ ಕಣೋ. ತಿಂಗ್ಳಿಗೊಂದ್ಸಲ ಡಾಕ್ಟ್ರು ಹೇಳ್ತಾರೆ. ಎಡಗಣ್ಣು ಇಷ್ಟು ಹೋತು, ಬಲಗಣ್ಣು ಇಷ್ಟು ಹೋತು ಅಂತ. ಅದನ್ನೂ ನಿನ್ನ ಹತ್ರ ಓದಿಸ್ಕಬೇಕಾ?"

ಭಾವ ತಟ್ಟೆ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದರು. ನಾನು ಊಟ ಮಾಡದೆ ಎದ್ದು ಬಂದೆ. ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಒಂದು ಗಂಟೆ ಕೂತೆ. ಸಿಟ್ಟು ಅವಳ ಮೇಲೋ, ಆ ಲೇಖಕರ ಮೇಲೋ, ನನ್ನ ನಾಲಿಗೆಯ ಮೇಲೋ ಗೊತ್ತಾಗಲಿಲ್ಲ. ಅಪ್ಪ ಅವಳ ಓದು ಬಿಡಿಸಿದ ದಿನ ನಾನು ಒಂದು ಮಾತೂ ಆಡಲಿಲ್ಲ ಅನ್ನುವುದು ಯಾಕೋ ಅಲ್ಲಿ ನೆನಪಾಯಿತು. ನನ್ನನ್ನು ಕಾಲೇಜಿಗೆ ಕಳಿಸಿದರು, ನಾನು ಹೋದೆ. ಅವಳಿಗೆ ಕಾದಂಬರಿ ತಂದುಕೊಟ್ಟು ದೊಡ್ಡ ಉಪಕಾರ ಮಾಡಿದೆ ಅಂದುಕೊಂಡೆ.

ಮರುದಿನ ನೀರಗಂಟಿಗೆ ಕಥೆಯ ಕೊನೆ ಹೇಳಿದೆ. ಎಲ್ಲ ಕೇಳಿ, "ಅದಿರ್ಲಿ, ಕುದ್ರೆ?" ಅಂದ. ಕುದುರೆಯ ಸುದ್ದಿಯೇ ಇಲ್ಲ ಅಂದೆ. "ಹಂಗಾದ್ರೆ ಬರ್ದೋನಿಗೆ ಒಂದು ಜೀವ ಸಾಕಿ ಗೊತ್ತಿಲ್ಲ ಬಿಡ್ರಿ" ಎಂದು ತೂಬಿನ ಕಡೆ ಹೋದ.

ನಾಲ್ಕು ದಿನ ಒಂದೂವರೆಗೆ ಫೋನು ಬರಲಿಲ್ಲ. ಐದನೇ ದಿನ ನಾನೇ ಹಚ್ಚಿದೆ. ತಪ್ಪಾಯಿತು ಅನ್ನಬೇಕೆಂದು ಬೆಳಿಗ್ಗೆಯಿಂದ ಮಾತು ಜೋಡಿಸಿಕೊಂಡಿದ್ದೆ. ಅವಳು ಅವಕಾಶ ಕೊಡಲಿಲ್ಲ.

"ಬೇರೆ ಯಾವುದಾದ್ರೂ ಸಿಕ್ತಾ?"

"ಒಂದೈತೆ. ಈ ಸಲ ಎಲ್ಲಾ ಪುಟ ಅವೆ, ಎಣಿಸಿ ತಂದೀನಿ."

"ಕೊನೇಲಿ ಕೂಡ್ತಾರಾ?"

"ನೋಡಿಲ್ಲಕ್ಕ."

"ನೋಡ್ಬೇಡ."

ಅಕ್ಕನ ಎಡಗಣ್ಣು ಉಳಿಯಲಿಲ್ಲ. ಈಗ ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತದೆ. ಬಲಗಣ್ಣು ಇಂಜೆಕ್ಷನ್ನಿನ ಮೇಲೆ ನಿಂತಿದೆ. ಪ್ರತಿ ಸಲ ಭಾವ ಅವಳನ್ನು ಬಸ್ಸಿನಲ್ಲಿ ದುರ್ಗಕ್ಕೆ ಕರೆತರುತ್ತಾರೆ, ನಾನು ಹಿರಿಯೂರಿನಿಂದ ರಜೆ ಹಾಕಿ ಹೋಗುತ್ತೇನೆ. ಕಣ್ಣಿಗೆ ಔಷಧಿ ಬಿಟ್ಟು ಎರಡು ಗಂಟೆ ಕೂರಿಸುತ್ತಾರೆ. ಆ ಹೊತ್ತಿನಲ್ಲಿ ಓದು. ಸಾಲಿನಲ್ಲಿ ಕೂತ ಬೇರೆ ಹೆಂಗಸರೂ ಕೇಳುತ್ತಾರೆ, ಒಬ್ಬಿಬ್ಬರು ಗಂಡಸರೂ. ಇಬ್ಬರ ಪ್ರೀತಿಯ ಮಾತು ಬಂದಾಗ ನನಗೆ ಈಗಲೂ ಬೆವರುತ್ತದೆ, ಆದರೂ ದನಿ ತಗ್ಗಿಸುವುದಿಲ್ಲ. ಲೇಖಕರು ಎಲ್ಲಾದರೂ ಅಸಂಬದ್ಧ ಬರೆದಿದ್ದರೆ ಒಳಗೊಳಗೇ ಬೈದುಕೊಂಡು ಮುಂದೆ ಓದುತ್ತೇನೆ.

ಕಳೆದ ತಿಂಗಳು ಓದುತ್ತಿದ್ದ ಕಾದಂಬರಿಯಲ್ಲಿ, ಸುಂಕದ ಕಟ್ಟೆಯ ಹತ್ತಿರ ನಾಯಕ ನಾಯಕಿಯ ಗುರುತು ಹಿಡಿಯುವ ಜಾಗಕ್ಕೆ ಬಂದಿದ್ದೆವು. ಅವಳು ಮುಸುಕು ತೆಗೆಯಬೇಕು, ಅಷ್ಟರಲ್ಲಿ ಅಕ್ಕನ ಟೋಕನ್ ನಂಬರು ಕರೆದರು. ಎದುರು ಕೂತಿದ್ದ ಹೆಂಗಸು, "ಇನ್ನೊಂದು ಸಾಲು ಓದಿಬಿಡ್ರಿ" ಅಂದಳು. ನರ್ಸು ಎರಡನೇ ಸಲ ಕರೆದಳು. ಅಕ್ಕ ಭಾವನ ತೋಳು ಹಿಡಿದು ಎದ್ದು, "ನಾನು ಬರೋವರ್ಗೂ ಯಾರಿಗೂ ಓದ್ಬೇಡ" ಎಂದು ಹೇಳಿ ಒಳಗೆ ಹೋದಳು. ಎದುರಿನ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ನಾನು ಪುಸ್ತಕ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡೆ.